ಮರಕ್ಕೆ ಐವತ್ತು ರೂಪಾಯಿ

ಮನೆಯಲ್ಲಿ ಒಳ್ಳೆಯ ಹಾಸಿಗೆ ಇಟ್ಟುಕೊಂಡವನು ಕೈಯಿಂದ ದುಡ್ಡು ಹಾಕಿ, ಬಸ್ಸು ಹತ್ತಿ, ಗುಡ್ಡ ಏರಿ, ಬಯಲಲ್ಲಿ ಮಲಗಿ ಬರುವುದರಲ್ಲಿ ತಪ್ಪೇನಾದರೂ ಇದೆಯೇ? ಪುಣೆಯ ನಮ್ಮ ಕನ್ನಡದ ಗೆಳೆಯರ ನಡುವೆ ಇದನ್ನು ಕೇಳಿದರೆ ಮೊದಲು ನಗುತ್ತಾರೆ, ಆಮೇಲೆ ಸ್ವಲ್ಪ ಸಿಟ್ಟಾಗುತ್ತಾರೆ. ವಾರವಿಡೀ ಹಿಂಜವಡಿಯ ಟ್ರಾಫಿಕ್ಕಿನಲ್ಲಿ ಕೂತವನಿಗೆ ಎರಡು ರಾತ್ರಿಯ ಗಾಳಿ ಬೇಡವೇ? ಬೇಕು. ನನಗೂ ಬೇಕು, ವರ್ಷಕ್ಕೆ ಮೂರ್ನಾಲ್ಕು ಸಲ ಹೋಗುತ್ತೇನೆ, ಮುಂದೆಯೂ ಹೋಗುವವನೇ. ಆದರೂ 2023ರ ಅಕ್ಟೋಬರಿನಲ್ಲಿ ಖುಲ್ತಾಬಾದಿನ ಹತ್ತಿರ, ಮ್ಹೈಸಮಾಳ ಗುಡ್ಡದ ಬುಡದಲ್ಲಿ ಒಬ್ಬ ಮುದುಕರು ಈ ಪ್ರಶ್ನೆಯನ್ನು ನನ್ನ ಕೊರಳಿಗೆ ಕಟ್ಟಿದರು. ಅದನ್ನು ಇನ್ನೂ ಬಿಚ್ಚಲು ಆಗಿಲ್ಲ.

ಹ್ಯಾಮಕ್ ಗೊತ್ತಿಲ್ಲದವರಿಗೆ ಒಂದು ಮಾತು. ಎರಡು ಮರಗಳ ನಡುವೆ ಕಟ್ಟುವ ಬಟ್ಟೆಯ ಜೋಲಿ ಅದು. ಪದ ಕೆರಿಬಿಯನ್ ದ್ವೀಪಗಳ ತಾಯಿನೋ ಜನರದು. ಕೊಲಂಬಸನ ಹಡಗಿನವರು ಅಲ್ಲಿ ಅದನ್ನು ಕಂಡರು, ಮುಂದೆ ಯುರೋಪಿನ ನಾವಿಕರು ಶತಮಾನಗಟ್ಟಲೆ ಅದರಲ್ಲೇ ಮಲಗಿದರು. ಈಗಿನದು ತೆಳು ನೈಲಾನಿನದು, ಅರ್ಧ ಕೆ.ಜಿ. ತೂಗುತ್ತದೆ, ಮಡಚಿದರೆ ಒಂದು ದೊಡ್ಡ ಪೇರಲೆಹಣ್ಣಿನಷ್ಟಾಗುತ್ತದೆ. ಟೆಂಟಿಗೆ ಸಪಾಟು ನೆಲ ಬೇಕು. ಮಳೆ ನಿಂತ ಹೊಸದರಲ್ಲಿ ನೆಲದಲ್ಲಿ ತೇವವಿರುತ್ತದೆ, ಕಲ್ಲಿರುತ್ತದೆ, ಚೇಳಿರುತ್ತದೆ. ಜೋಲಿಗೆ ಎರಡು ಗಟ್ಟಿ ಮರ ಸಾಕು. ತೊಗಟೆ ಕೊರೆಯದಂತೆ ಅಗಲವಾದ ಪಟ್ಟಿ ಸುತ್ತಬೇಕು, ಪಟ್ಟಿ ಸುಮಾರು 30 ಡಿಗ್ರಿ ಓರೆಯಲ್ಲಿ ಇಳಿದಿರಬೇಕು, ಬಾಳೆಹಣ್ಣಿನ ಹಾಗೆ ಬಾಗದೆ ಮೂಲೆಯಿಂದ ಮೂಲೆಗೆ ಅಡ್ಡಡ್ಡ ಮಲಗಬೇಕು. ಹೊಸಬರಿಗೆ ಆಶ್ಚರ್ಯವಾಗುವುದು ಚಳಿಯ ವಿಷಯ: ಅದು ಕೆಳಗಿನಿಂದ ಹತ್ತುತ್ತದೆ. ಎಷ್ಟು ಹೊದ್ದರೂ ಬೆನ್ನಿನಡಿಯ ಬಟ್ಟೆ ಮೈಭಾರಕ್ಕೆ ಅದುಮಿಹೋಗಿ ಬಿಸಿ ಹಿಡಿಯುವುದಿಲ್ಲ, ಬೆಳಗಿನ ನಾಲ್ಕಕ್ಕೆ ಬೆನ್ನುಮೂಳೆಗೆ ತಣ್ಣೀರು ಸುರಿದಂತಾಗುತ್ತದೆ.

ಈ ಹವ್ಯಾಸಕ್ಕೆ ಅದರದೇ ಒಂದು ನೀತಿಶಾಸ್ತ್ರವೂ ಇದೆ. ಕಡಿಮೆ ಹೊರು. ಗ್ರಾಂ ಲೆಕ್ಕ ಹಾಕು. ಹೋದ ಜಾಗದಲ್ಲಿ ಗುರುತು ಬಿಡಬೇಡ. ಯಾರಿಗೂ ಹೊರೆಯಾಗಬೇಡ, ಬೇಕಾದ್ದನ್ನೆಲ್ಲ ಬೆನ್ನ ಮೇಲೆ ಒಯ್ಯಿ. ನನ್ನ ಚೀಲ ಆ ಸಲ ನೀರು ಬಿಟ್ಟು ಎಂಟು ಕೆ.ಜಿ. ಇತ್ತು. ಹಲ್ಲುಜ್ಜುವ ಬ್ರಷ್ಷಿನ ಹಿಡಿಕೆ ಕತ್ತರಿಸುವವರೂ ನಮ್ಮಲ್ಲಿದ್ದಾರೆ. ಇದನ್ನೆಲ್ಲ ‘ಸರಳತೆ’ ಎಂದು ಕರೆಯುವುದು ರೂಢಿ. ಆ ಪದದ ಮೇಲೆಯೇ ನನ್ನ ತಕರಾರು.

ನಾವು ನಾಲ್ವರು ಹೊರಟದ್ದು ದಸರಾ ಮುಗಿದ ಮೂರನೇ ದಿನ, ಶುಕ್ರವಾರ. ಶರದ್ ಋತು ನಮ್ಮ ಕಡೆ ಮೊದಲಿನಿಂದಲೂ ಹೊರಡುವ ಕಾಲ. ಮಳೆಗಾಲದಲ್ಲಿ ತಡೆದಿದ್ದ ದಂಡಯಾತ್ರೆಗಳು ವಿಜಯದಶಮಿಗೆ ಸೀಮೆ ದಾಟುತ್ತಿದ್ದವು. ಬೌದ್ಧ ಭಿಕ್ಷುಗಳು ಮಳೆಯ ಮೂರು ತಿಂಗಳು ಒಂದೇ ಕಡೆ ಇದ್ದು, ಆಶ್ವಯುಜದ ಹುಣ್ಣಿಮೆಯಂದು ‘ನನ್ನಲ್ಲಿ ಕಂಡ ತಪ್ಪು ಹೇಳಿ’ ಎಂದು ಒಬ್ಬರನ್ನೊಬ್ಬರು ಕೇಳಿಕೊಂಡು ಮತ್ತೆ ದಾರಿ ಹಿಡಿಯುತ್ತಿದ್ದರು. ಅದೇ ಹುಣ್ಣಿಮೆ ಮಹಾರಾಷ್ಟ್ರದಲ್ಲಿ ಕೋಜಾಗಿರಿ, ಎಚ್ಚರವಿದ್ದು ಮಸಾಲೆ ಹಾಲು ಕುಡಿಯುವ ರಾತ್ರಿ. 2023ರಲ್ಲಿ ಅದು ಅಕ್ಟೋಬರ್ 28ರ ಶನಿವಾರ ಬಿತ್ತು, ಜೊತೆಗೆ ಖಂಡಗ್ರಾಸ ಚಂದ್ರಗ್ರಹಣವೂ ಇತ್ತು. ಇಂಥ ಶನಿವಾರವನ್ನು ಬಿಡುವವರುಂಟೇ?

ಪ್ರವರಾ ಸಂಗಮದ ಸೇತುವೆಯ ಮೇಲೆ ಬಸ್ಸು ಗೋದಾವರಿ ದಾಟಿದಾಗ ನಮ್ಮಲ್ಲಿನ ಧಾರವಾಡದವನು ಎದ್ದು ನಿಂತು, ಕವಿರಾಜಮಾರ್ಗದ ಲೆಕ್ಕದಲ್ಲಿ ಕನ್ನಡ ನಾಡು ಇಲ್ಲಿಗೆ ಮುಗಿಯಿತು ಎಂದು ಘೋಷಿಸಿದ. ಆದರೆ ಖುಲ್ತಾಬಾದಿನಿಂದ ಮುಂದೆ ಹೋಗುವ ಬಸ್ಸುಗಳ ಬೋರ್ಡಿನ ಮೇಲೆ ದೇವನಾಗರಿಯಲ್ಲಿ ‘ಕನ್ನಡ’ ಎಂದೇ ಬರೆದಿರುತ್ತದೆ. ಪಕ್ಕದ ತಾಲ್ಲೂಕಿನ ಹೆಸರೇ ಅದು! ನಾಲ್ವರೂ ಅದರ ಮುಂದೆ ನಿಂತು ಫೋಟೋ ತೆಗೆಸಿಕೊಂಡೆವು. ಆ ಊರನ್ನು ಹಾದು ಹೋಗುವ ರಾಷ್ಟ್ರೀಯ ಹೆದ್ದಾರಿ 52 ದಕ್ಷಿಣಕ್ಕೆ ಸಂಭಾಜಿನಗರ, ಬೀಡ್, ಸೊಲ್ಲಾಪುರ, ವಿಜಯಪುರ, ಹುಬ್ಬಳ್ಳಿ ದಾಟಿ ಅಂಕೋಲೆಯವರೆಗೆ ಹೋಗುತ್ತದೆ. ಇಂಡಿ ತಾಲ್ಲೂಕಿನ ನಮ್ಮ ಹೊಲ ಈ ರಸ್ತೆಯಿಂದ ಹೆಚ್ಚು ದೂರವಿಲ್ಲ. ಈ ರಸ್ತೆಯ ವಿಷಯ ಮುಂದೆ ಬರುತ್ತದೆ.

ಖುಲ್ತಾಬಾದ್ ಮಲಗಿದವರ ಊರು. ಇಲ್ಲಿನ ಭದ್ರ ಮಾರುತಿ ಎದ್ದು ನಿಂತವನಲ್ಲ, ಮಲಗಿದವನು. ಹನುಮ ಜಯಂತಿಯ ಹಿಂದಿನ ರಾತ್ರಿ ಸಂಭಾಜಿನಗರದಿಂದ ಸಾವಿರಾರು ಜನ ನಡೆದುಕೊಂಡೇ ಬಂದು ಅವನನ್ನು ನೋಡುತ್ತಾರೆ. ಊರ ತುಂಬ ಸೂಫಿಗಳ ದರ್ಗಾಗಳು. ತುಘಲಕ್ 1327ರಲ್ಲಿ ರಾಜಧಾನಿಯನ್ನು ದೌಲತಾಬಾದಿಗೆ ತಂದ ಕಥೆಯನ್ನು ಕಾರ್ನಾಡರ ನಾಟಕದಿಂದ ನಾವೆಲ್ಲ ಬಲ್ಲೆವು. ಆ ಹೊತ್ತಿನಲ್ಲಿ ದೆಹಲಿ ಬಿಟ್ಟು ಬರಬೇಕಾದವರಲ್ಲಿ ಸಂತರೂ ಇದ್ದರು. ಕಲಬುರಗಿಯ ಬಂದೇ ನವಾಜರು ಬಾಲಕರಾಗಿ ತಂದೆಯೊಡನೆ ಬಂದದ್ದು ಇಲ್ಲಿಗೇ. ತಂದೆಯ ಸಮಾಧಿ ಈಗಲೂ ಖುಲ್ತಾಬಾದಿನಲ್ಲಿದೆ. ಇಲ್ಲಿನ ಹಿರಿಯ ಸಂತ ಬುರ್ಹಾನುದ್ದೀನರ ಹೆಸರಿನ ಜೊತೆಗಿರುವ ಬಿರುದು ‘ಗರೀಬ್’. ಅರಬ್ಬಿಯಲ್ಲಿ ಆ ಪದಕ್ಕೆ ಪರಸ್ಥಳದವನು ಎಂದರ್ಥ, ಉರ್ದುವಿಗೆ ಬರುವಷ್ಟರಲ್ಲಿ ಬಡವ ಎಂದಾಯಿತು. ನಮ್ಮ ‘ಪರದೇಶಿ’ಯೂ ಹಾಗೇ ಅಲ್ಲವೇ? ಬೇರೆ ದೇಶದವನು ಎಂದು ಹೊರಟ ಪದ ದಿಕ್ಕಿಲ್ಲದವನು ಎಂಬಲ್ಲಿಗೆ ಬಂದು ಮುಟ್ಟಿತು. ಊರು ಬಿಟ್ಟವನಿಗೆ ಏನಾಗುತ್ತದೆ ಎಂಬುದು ಎರಡೂ ಭಾಷೆಗಳಿಗೆ ಗೊತ್ತಿತ್ತು. ಕಂಪನಿಯ ಆಫರ್ ಲೆಟರ್ ಹಿಡಿದು ಊರು ಬಿಟ್ಟ ನಮ್ಮಂಥವರಿಗೆ ಈ ಪದ ಒಗ್ಗುವುದಿಲ್ಲ ಎನ್ನುವುದೂ ನಿಜ.

ಔರಂಗಜೇಬನ ಸಮಾಧಿಯ ಮುಂದೆ ನಾವು ಅಂದುಕೊಂಡಿದ್ದಕ್ಕಿಂತ ಹೆಚ್ಚು ಹೊತ್ತು ನಿಂತೆವು. ಅವನ ಬಗ್ಗೆ ಈ ರಾಜ್ಯದಲ್ಲಿ ಮಾತಾಡುವುದು ಕಷ್ಟ, ಅದು ನನ್ನ ವಿಷಯವೂ ಅಲ್ಲ. ನನ್ನ ಕಣ್ಣಿಗೆ ಬಿದ್ದದ್ದು ಅವನ ಮಲಗುವ ಜಾಗ. ಮೇಲೆ ಸೂರಿಲ್ಲ. ಮಣ್ಣು ತುಂಬಿದ ಗೋರಿ, ಅದರ ಮೇಲೊಂದು ಸಣ್ಣ ಗಿಡ. ಸುತ್ತಲಿನ ಅಮೃತಶಿಲೆಯ ಜಾಲರಿ ಬಹಳ ಮುಂದಿನ ಕಾಲದ್ದು. ತಾನು ಟೋಪಿ ಹೊಲಿದು ಗಳಿಸಿದ ನಾಲ್ಕು ರೂಪಾಯಿ ಎರಡಾಣೆಯಲ್ಲಿ ಅಂತ್ಯಕ್ರಿಯೆ ಆಗಲಿ ಎಂದು ಅವನು ಹೇಳಿದ್ದನೆಂದು ಪ್ರತೀತಿ. ಬದುಕಿನ ಕೊನೆಯ ಇಪ್ಪತ್ತೈದು ವರ್ಷ ಅವನು ಕಳೆದದ್ದೂ ದಖ್ಖನಿನಲ್ಲೇ, ಬಹುಪಾಲು ಡೇರೆಗಳಲ್ಲಿ. ನಮ್ಮ ವಿಜಯಪುರ ಅವನ ಕೈಗೆ ಬಿದ್ದದ್ದು 1686ರಲ್ಲಿ, 1707ರಲ್ಲಿ ಅಹಮದನಗರದಲ್ಲಿ ತೀರಿಕೊಂಡ, ದೆಹಲಿಗೆ ಮರಳಲೇ ಇಲ್ಲ. ಆ ಡೇರೆಗಳೇನೂ ನಮ್ಮ ಅರ್ಧ ಕೆ.ಜಿ.ಯ ಜೋಲಿಯಲ್ಲ, ನಡೆದಾಡುವ ನಗರ. ಆದರೆ ಗೋರಿಯ ಮಟ್ಟಿಗೆ ಅವನು ಬಯಲನ್ನೇ ಆರಿಸಿಕೊಂಡ. ಆರಿಸಿಕೊಂಡ ಎಂಬುದೇ ಮುಖ್ಯ. ಅವನ ದಂಡಿನ ಹಿಂದೆ ನಡೆದು, ದಾರಿಯಲ್ಲಿ ಸತ್ತು, ಅವನಿಗಿಂತ ಬಯಲಾದ ನೆಲದಲ್ಲಿ ಹೂತುಹೋದ ಆಳುಗಳ ಸರಳತೆಯನ್ನು ನೋಡಲು ಯಾರೂ ಟಿಕೇಟು ತೆಗೆದು ಬರುವುದಿಲ್ಲ. ಬಿಡಲು ಏನಾದರೂ ಇದ್ದವನು ಬಿಟ್ಟಾಗ ಮಾತ್ರ ಅದಕ್ಕೆ ಸರಳತೆ ಎಂಬ ಹೆಸರು ಬರುತ್ತದೆ. ಇಲ್ಲದವನದ್ದು ಬರೀ ಇಲ್ಲದಿರುವಿಕೆ.

ಖುಲ್ತಾಬಾದಿನಿಂದ ಮ್ಹೈಸಮಾಳಕ್ಕೆ ಹನ್ನೆರಡು ಕಿ.ಮೀ. ಮೇಲೆ ಗಿರಿಜಾ ಮಾತೆಯ ಗುಡಿ, ತಿರುಪತಿಯ ಮಾದರಿಯ ಒಂದು ಬಾಲಾಜಿ ಗುಡಿ, ಸುತ್ತ ಹುಲ್ಲು ಹಳದಿಯಾಗುತ್ತಿದ್ದ ಇಳಿಜಾರು. ಆ ವರ್ಷ ಮರಾಠವಾಡಕ್ಕೆ ಮಳೆ ಕೈಕೊಟ್ಟಿತ್ತು. ಹತ್ತಿಯ ಗಿಡಗಳು ಮೊಣಕಾಲಿನ ಮಟ್ಟಕ್ಕೇ ನಿಂತಿದ್ದವು. ಮರಾಠಾ ಮೀಸಲಾತಿಯ ಕಾವೂ ಇತ್ತು, ರಾಜಕೀಯದವರಿಗೆ ಪ್ರವೇಶವಿಲ್ಲ ಎಂಬ ಫಲಕ ಹಳ್ಳಿಗಳ ಬಾಗಿಲಲ್ಲಿ ಕಾಣುತ್ತಿತ್ತು. ಗುಡ್ಡದ ಮೇಲೆ ಮರ ಕಟ್ಟಿ ಮಲಗುವುದು ಅರಣ್ಯ ಇಲಾಖೆಯ ತಕರಾರಿಗೆ ದಾರಿಯಾದೀತೆಂದು ಕೆಳಗೇ ಇಳಿದು, ಒಂದು ಹೊಲದ ಬದುವಿನಲ್ಲಿ ಸಾಲಾಗಿದ್ದ ಮಾವಿನ ಮರಗಳನ್ನು ನೋಡಿ ಒಡೆಯರನ್ನು ಹುಡುಕಿದೆವು. ಎಪ್ಪತ್ತರ ಹತ್ತಿರದವರು, ಬಿಳಿ ಟೋಪಿ, ಎರಡು ಎಮ್ಮೆ. ಕಾಕಾ ಎಂದು ಕರೆದೆವು.

ಮಂಗಳೂರಿನ ಗೆಳತಿ ತನ್ನ ಜೋಲಿ ಕಟ್ಟಿ ತೋರಿಸಿದಳು. ಕಾಕಾ ಅದನ್ನು ಎರಡು ಬೆರಳಿನಲ್ಲಿ ಹಿಡಿದು, ಸ್ವಲ್ಪ ತೂಗಿ, ‘ನಮ್ಮಲ್ಲಿ ಇದನ್ನು ಕೂಸಿಗೆ ಕಟ್ಟುತ್ತಾರೆ’ ಎಂದರು. ಎಷ್ಟು ಕೊಟ್ಟಿರಿ ಎಂದು ಕೇಳಿದರು. ಮೂರು ಸಾವಿರ ಎಂದಾಗ ಏನೂ ಹೇಳಲಿಲ್ಲ. ‘ಮನೆ ಇಲ್ಲವೇ ನಿಮಗೆ?’ ಎಂದರು. ವ್ಯಂಗ್ಯವೇ ಎಂದು ನಾನು ಮುಖ ನೋಡಿದೆ, ಇರಲಿಲ್ಲ. ಆಮೇಲೆ ಬಾಡಿಗೆಯ ಮಾತು ಬಂತು. ಮರಕ್ಕೆ ಐವತ್ತು ರೂಪಾಯಿ, ಒಬ್ಬರಿಗೆ ಎರಡು ಮರ, ನಾಲ್ವರಿಗೆ ನಾನೂರು. ನಡುವಿನ ಮರಗಳಿಗೆ ಎರಡೂ ಕಡೆಯಿಂದ ಕಟ್ಟಿದರೆ ಐದೇ ಮರ ಸಾಕು ಎಂದು ಧಾರವಾಡದವನು ವಾದಿಸಿದ. ಕಾಕಾ ಒಪ್ಪಲಿಲ್ಲ. ನೀರಿಗೆ ಬೇರೆ, ಈ ವರ್ಷ ಬಾವಿಯಲ್ಲಿ ಅಷ್ಟಿಲ್ಲ ಎಂದರು. ಒಟ್ಟು ಐನೂರು ಕೊಟ್ಟೆವು.

ಕೊಟ್ಟ ಕೂಡಲೇ ನಾಲ್ವರಿಗೂ ಹಗುರಾಯಿತು. ಇನ್ನು ನಾವು ಯಾರ ಋಣದಲ್ಲೂ ಇಲ್ಲ.

ಮಾರನೆಯ ದಿನ ವೇರುಳದ ಗವಿಗಳಲ್ಲಿ ಈ ಹಗುರು ನನ್ನನ್ನು ಕಾಡಿತು. ಅಲ್ಲಿಗೆ ಹೋದ ಕನ್ನಡಿಗರು ನೇರ ಕೈಲಾಸಕ್ಕೆ ಹೋಗುತ್ತಾರೆ, ರಾಷ್ಟ್ರಕೂಟರ ಕೃಷ್ಣನದಲ್ಲವೇ. ನಾವೂ ಹೋದೆವು, ಎದೆ ಉಬ್ಬಿಸಿಕೊಂಡೆವು. ಆದರೆ ನಾನು ಕೂತದ್ದು ದಕ್ಷಿಣದ ತುದಿಯ ಬೌದ್ಧ ಗವಿಗಳಲ್ಲಿ. ಅವು ಒಂದರಿಂದ ಹನ್ನೆರಡು, ಹೆಚ್ಚಿನವು ವಿಹಾರಗಳು. ಹನ್ನೆರಡನೆಯದು ಮೂರು ಅಂತಸ್ತು, ಅಲ್ಲಿ ಭಿಕ್ಷುಗಳು ಮಲಗಲು ಬಂಡೆಯಲ್ಲೇ ಬಿಟ್ಟ ಕಟ್ಟೆಗಳಿವೆ. ಭಿಕ್ಷುವಿನ ಚೀಲ ನಮ್ಮ ಚೀಲಕ್ಕಿಂತ ಹಗುರ: ಮೂರು ಚೀವರ, ಒಂದು ಪಾತ್ರೆ, ಸೂಜಿ, ಕ್ಷೌರದ ಕತ್ತಿ, ನೀರು ಸೋಸುವ ಬಟ್ಟೆ, ಸೊಂಟದ ಪಟ್ಟಿ. ಗ್ರಾಂ ಲೆಕ್ಕ ಹಾಕುವವರು ಅವನ ಮುಂದೆ ಸೋಲಬೇಕು. ಆದರೆ ಅವನ ಹಗುರುತನದ ಗುಟ್ಟು ಬೇರೆ. ನಾಳೆಯ ಅನ್ನ ಅವನ ಚೀಲದಲ್ಲಿಲ್ಲ, ಇರಕೂಡದು. ದಿನಾ ಬೆಳಿಗ್ಗೆ ಊರೊಳಗೆ ಹೋಗಿ ಬಾಗಿಲಲ್ಲಿ ನಿಲ್ಲಬೇಕು, ಕೊಟ್ಟದ್ದನ್ನು ಉಣ್ಣಬೇಕು. ನಮ್ಮ ಕಡೆಯ ಜಂಗಮರ ಕೋರಾನ್ನದ ಭಿಕ್ಷೆಯೂ ಅದೇ ಬಗೆಯದು. ಊರಿನವರಿಲ್ಲದೆ ಅವನು ಎರಡು ದಿನವೂ ಬದುಕಲಾರ, ಹಾಗಾಗಿ ಊರಿನವರ ಸುಖದುಃಖ ಅವನಿಗೆ ಗೊತ್ತಿರಲೇಬೇಕು. ನಮ್ಮ ಹಗುರುತನದ ಗುರಿಯೋ ಊರಿನವರು ಬೇಡವಾಗುವುದು. ಒಲೆ, ಅಕ್ಕಿ, ದೀಪ, ಔಷಧಿ ಎಲ್ಲ ಬೆನ್ನ ಮೇಲಿದೆ, ಇಲ್ಲದ್ದಕ್ಕೆ ಐನೂರು ರೂಪಾಯಿ ಇದೆ. ದುಡ್ಡು ಕೊಟ್ಟವನು ಹೆಸರು ಹೇಳಬೇಕಿಲ್ಲ, ಕೇಳಬೇಕಿಲ್ಲ.

ಅಂದರೆ ದುಡ್ಡು ಕೊಟ್ಟದ್ದು ಕೆಟ್ಟದ್ದೇ? ಅಲ್ಲ. ಕಾಕಾ ಪುಕ್ಕಟೆ ಮಲಗಿ ಎಂದಿದ್ದರೆ ಹಳ್ಳಿಯವರ ಔದಾರ್ಯದ ಬಗ್ಗೆ ನಾವೊಂದು ಕಥೆ ಕಟ್ಟಿಕೊಂಡು ಬರುತ್ತಿದ್ದೆವು. ಅವರು ಚೌಕಾಸಿ ಮಾಡಿ ಆ ಕಥೆಯಿಂದ ನಮ್ಮನ್ನು ಉಳಿಸಿದರು. ಬರಗಾಲದ ವರ್ಷದಲ್ಲಿ ಅವರ ಮರಕ್ಕೂ ನೀರಿಗೂ ಬೆಲೆ ಇದೆ.

ಆದರೆ ಬಾಡಿಗೆ ಎಣಿಸಿಕೊಂಡ ಮೇಲೂ ಕಾಕಾ ಹೋಗಲಿಲ್ಲ, ಬದುವಿನ ಮೇಲೆ ಕೂತರು. ನಾವು ಯಾವ ಕಡೆಯವರೆಂದು ಕೇಳಿದರು. ಕರ್ನಾಟಕ ಎಂದ ಕೂಡಲೇ ‘ನನ್ನ ಮಗಳೂ ಅಲ್ಲಿಗೇ ಹೋಗುತ್ತಾಳೆ’ ಎಂದರು. ಬೀಡ್ ಜಿಲ್ಲೆಯ ಧಾರೂರಿನ ಕಡೆ ಕೊಟ್ಟಿದ್ದರಂತೆ. ಪ್ರತಿ ವರ್ಷ ದೀಪಾವಳಿಯ ಹೊತ್ತಿಗೆ ಗಂಡ ಹೆಂಡತಿ ಕಬ್ಬು ಕಡಿಯಲು ಹೊರಡುತ್ತಾರೆ. ಒಂದು ವರ್ಷ ಸಾಂಗಲಿ, ಒಂದು ವರ್ಷ ಬೆಳಗಾವಿಯ ಕಡೆ, ಮುಕಾದಮ ಎಲ್ಲಿಗೆ ಒಯ್ದರೆ ಅಲ್ಲಿಗೆ. ಈ ಸಲ ಎಂಬತ್ತು ಸಾವಿರ ಉಚಲ್ ತೆಗೆದುಕೊಂಡಾಗಿದೆ, ಮನೆಯ ಖರ್ಚಿಗೇ ಹೋಯಿತು ಎಂದರು.

ಓದುಗರಲ್ಲಿ ಕರಾವಳಿ, ಮಲೆನಾಡಿನವರಿಗೆ ಈ ಲೆಕ್ಕ ಗೊತ್ತಿರಲಿಕ್ಕಿಲ್ಲ. ಕೊಯ್ತಾ ಎಂದರೆ ಕಬ್ಬು ಕಡಿಯುವ ಕತ್ತಿ. ಗಂಡ ಹೆಂಡತಿ ಸೇರಿ ಒಂದು ಕೊಯ್ತಾ. ಮುಕಾದಮ ಮುಂಗಡವಾಗಿ ಕೊಡುವ ದುಡ್ಡು ಉಚಲ್. ಅಕ್ಟೋಬರ್ ಕೊನೆಯಿಂದ ಮಾರ್ಚ್ ಏಪ್ರಿಲ್‌ವರೆಗೆ ಕಡಿದು, ಟನ್ನಿನ ಲೆಕ್ಕದಲ್ಲಿ ಅದನ್ನು ತೀರಿಸಬೇಕು. ಮೈಗೆ ಹುಷಾರಿಲ್ಲದೆ ಒಂದು ದಿನ ಬಿದ್ದರೆ ‘ಖಾಡಾ’, ಕೂಲಿ ಹೋಗುವುದಲ್ಲದೆ ದಂಡವೂ ಬೀಳುತ್ತದೆ. ತೀರದ್ದು ಮುಂದಿನ ವರ್ಷಕ್ಕೆ ಹೋಗುತ್ತದೆ. ಹೊಲದ ಅಂಚಿನಲ್ಲಿ ಕಬ್ಬಿನ ಸೋಗೆ, ಪ್ಲಾಸ್ಟಿಕ್ಕು ಸೇರಿಸಿ ಕಟ್ಟಿದ ಗುಡಿಸಲಿಗೆ ‘ಕೋಪಿ’ ಎನ್ನುತ್ತಾರೆ, ಒಳಗೆ ನೆಟ್ಟಗೆ ನಿಲ್ಲಲಾಗುವುದಿಲ್ಲ. ನಸುಕಿಗೇ ಕಡಿಯಲು ಹೋಗುವಾಗ ಕೂಸನ್ನು ಸೀರೆಯ ಜೋಲಿಯಲ್ಲಿ ಹಾಕಿ ಬದುವಿನ ಮರಕ್ಕೆ ಕಟ್ಟುತ್ತಾರೆ. ಮರವಿಲ್ಲದ ಕಡೆ ಟ್ರ್ಯಾಕ್ಟರಿನ ಟ್ರಾಲಿಗೆ.

ಹಾಗೆ ನೋಡಿದರೆ ಆ ಶರದೃತುವಿನಲ್ಲಿ ಒಂದೇ ಹೆದ್ದಾರಿಯ ಎರಡು ದಿಕ್ಕುಗಳಲ್ಲಿ ಜನ ಬಯಲಲ್ಲಿ ಮಲಗಲು ಹೊರಟಿದ್ದರು. ಇಂಡಿಯವನಾದ ನಾನು ಮರಾಠವಾಡಕ್ಕೆ, ಮರಾಠವಾಡದವರು ಇಂಡಿಗೆ. ಇಬ್ಬರ ಬಳಿಯೂ ಜೋಲಿ ಇತ್ತು.

ಅಂದು ರಾತ್ರಿ ಗ್ರಹಣಕ್ಕೆ ಕಾಯುತ್ತ ನಮ್ಮಲ್ಲಿ ವಾದ ಹತ್ತಿತು. ಧಾರವಾಡದವನದು ನೇರ ಮಾತು: ‘ಲೇ, ನೀ ಇಲ್ಲಿ ಮಲಗದಿದ್ರ ಅವರಿಗೇನು ಗಾದಿ ಸಿಗತೈತೇನು?’ ಸಿಗುವುದಿಲ್ಲ, ನಿಜ. ನನ್ನ ಎರಡು ರಾತ್ರಿಯಿಂದ ಯಾರ ಬಾಯಿಯ ತುತ್ತೂ ಕಡಿಮೆಯಾಗಿಲ್ಲ, ಕಾಕಾಗೆ ಐನೂರು ಬಂತು. ತಪ್ಪನ್ನು ಹಾನಿಯ ಲೆಕ್ಕದಲ್ಲಿ ಮಾತ್ರ ನೋಡಿದರೆ ವಾದ ಅಲ್ಲಿಗೆ ಮುಗಿಯಿತು. ಮಂಗಳೂರಿನವಳದು ಇನ್ನೊಂದು ದಾರಿ: ಇಂಥ ಕಷ್ಟ ಸ್ವಲ್ಪ ಉಂಡರೆ ಕಷ್ಟದವರ ಬಗ್ಗೆ ಅರಿವು ಬರುತ್ತದೆ, ಅದೇ ಲಾಭ. ಇದನ್ನು ನಾನು ಮೊದಲಿಗಿಂತ ಕಡಿಮೆ ಒಪ್ಪುತ್ತೇನೆ. ಬೆಳಗಿನ ನಾಲ್ಕಕ್ಕೆ ನನ್ನ ಬೆನ್ನಿಗೆ ಹತ್ತಿದ ಚಳಿ, ಕೋಪಿಯಲ್ಲಿ ಮಲಗಿದವಳ ಬೆನ್ನಿಗೆ ಹತ್ತುವ ಚಳಿ, ಥರ್ಮಾಮೀಟರಿನಲ್ಲಿ ಒಂದೇ ಇದ್ದೀತು. ನನ್ನದಕ್ಕೆ ಸೋಮವಾರ ಎಂಬ ಗೋಡೆ ಇದೆ. ಆ ಗೋಡೆಗೆ ಒರಗಿಕೊಂಡೇ ನಾನು ಚಳಿಯನ್ನು ಸವಿಯುತ್ತೇನೆ. ಅವಳಿಗೆ ಚಳಿಗಿಂತ ಮೊದಲು ಬರುವುದು ಎಂಬತ್ತು ಸಾವಿರ. ಆ ಎಂಬತ್ತು ಸಾವಿರವಿಲ್ಲದ ಚಳಿಯಿಂದ ಅವಳ ಬಗ್ಗೆ ನನಗೇನು ತಿಳಿಯುತ್ತದೆ?

ದುಡ್ಡಿನ ವಿಷಯವೂ ವಿಚಿತ್ರ. ನಾನು ಕಾಕಾಗೆ ಕೊಟ್ಟ ದುಡ್ಡು ನನ್ನನ್ನು ಋಣದಿಂದ ಬಿಡಿಸಿತು. ಮುಕಾದಮ ಅವರ ಮಗಳಿಗೆ ಕೊಟ್ಟ ದುಡ್ಡು ಅವಳನ್ನು ಕಟ್ಟಿಹಾಕಿತು. ಹಬ್ಬ, ಆಸ್ಪತ್ರೆ, ಸಾಲದ ಬಡ್ಡಿ ಎಲ್ಲದಕ್ಕೂ ಖರ್ಚಾಗಿ ಹೋದ ಮೇಲೆ ಕೆಲಸ ಶುರುವಾಗುತ್ತದೆ. ಬೇಡವೆನಿಸಿದಾಗ ಎದ್ದು ಹೋಗಬಹುದಾದ ಬಯಲು ಒಂದು, ಎದ್ದು ಹೋಗಲಾಗದ ಬಯಲು ಇನ್ನೊಂದು. ಮಲಗುವ ಭಂಗಿ ಒಂದೇ ಎಂಬ ಕಾರಣಕ್ಕೆ ಎರಡಕ್ಕೂ ಒಂದೇ ಪದ ಬಳಸುವುದು ನನಗೆ ಸರಿಯೆನಿಸುವುದಿಲ್ಲ. ನಾನು ಹೋಗಿದ್ದು ವಿಹಾರಕ್ಕೆ, ಮಜಾ ಮಾಡಲು. ಹಾಗೆಂದೇ ಹೇಳಿದರೆ ಯಾರಿಗೂ ಅವಮಾನವಿಲ್ಲ. ಕಡಿಮೆಯಲ್ಲಿ ಬದುಕುವುದನ್ನು ಕಲಿತು ಬಂದೆ ಎಂದು ಆಫೀಸಿನಲ್ಲಿ ಹೇಳಿದರೆ, ಯಾರದೋ ಇಲ್ಲದಿರುವಿಕೆಯನ್ನು ಎರಡು ದಿನ ತೊಟ್ಟು ಬಿಚ್ಚಿ ಅದಕ್ಕೆ ನನ್ನ ಹೆಸರು ಹೊಲಿದುಕೊಂಡಂತೆ. ಧಾರವಾಡದವನಿಗೆ ಇದು ಬರೀ ಪದದ ಜಗಳ. ‘ಪದ ಬದಲಿಸಿದ್ರ ಯಾರ ಹೊಟ್ಟಿ ತುಂಬತೈತಿ?’ ಎಂದ. ಅದಕ್ಕೆ ನನ್ನಲ್ಲಿ ಪೂರ್ತಿ ಉತ್ತರವಿಲ್ಲ. ಪದ ಸರಿಯಿದ್ದರೆ ಕಣ್ಣು ಸ್ವಲ್ಪ ಸರಿಯಾದ ಕಡೆ ನೋಡೀತು ಎಂಬಷ್ಟೇ ನಂಬಿಕೆ.

ಒಂದು ಗಂಟೆ ದಾಟಿದ ಮೇಲೆ ಚಂದ್ರನ ಅಂಚಿನಲ್ಲಿ ಒಂದು ಸಣ್ಣ ಕಚ್ಚು ಬಿತ್ತು. ಗ್ರಹಣವೆಂದು ಕಾಕಾ ಮನೆಯಲ್ಲಿ ಆ ಸಲ ಹಾಲನ್ನು ಬೆಳದಿಂಗಳಿಗೆ ಇಟ್ಟಿರಲಿಲ್ಲ. ಅವರು ನಿದ್ದೆ ಬಾರದೆ ಕಂಬಳಿ ಹೊದ್ದು ಮತ್ತೆ ಬದುವಿಗೆ ಬಂದಿದ್ದರು. ಮಗಳಿಗೆ ಎಷ್ಟು ಮಕ್ಕಳು ಎಂದು ಕೇಳಿದೆ. ಎರಡು ಎಂದರು, ದೊಡ್ಡದನ್ನು ಈ ವರ್ಷ ಶಾಲೆಗಾಗಿ ತಮ್ಮ ಬಳಿ ಬಿಟ್ಟು ಹೋಗು ಎಂದಿದ್ದಾರಂತೆ, ಚಿಕ್ಕದಕ್ಕೆ ಇನ್ನೂ ವರ್ಷ ತುಂಬಿಲ್ಲ. ನೀವು ಊರಿಗೆ ಹೋದಾಗ ನೋಡಿ, ಅಲ್ಲೇ ಎಲ್ಲಾದರೂ ಇದ್ದಾಳು ಎಂದರು. ಎರಡು ರಾಜ್ಯಗಳ ಕಬ್ಬಿನ ಸೀಮೆಯನ್ನು ಒಂದು ಓಣಿ ಎಂಬಂತೆ ಹೇಳಿದರು.

ನವೆಂಬರಿನಲ್ಲಿ ಒಂದು ದಿನ ಅಪ್ಪನ ಫೋನು ಬಂತು. ಕಾರ್ಖಾನೆ ಶುರುವಾಗಿದೆ, ನಮ್ಮ ಪಾಳಿ ಇನ್ನೂ ಬಂದಿಲ್ಲ, ಆದರೆ ಬೀಡ್ ಕಡೆಯ ಗ್ಯಾಂಗು ಬಂದು ಕಾಲುವೆಯ ಪಕ್ಕ ಜಾಲಿ ಗಿಡಗಳ ಕೆಳಗೆ ಇಳಿದಿದೆ ಎಂದು ಹೇಳಿದರು. ಎಷ್ಟು ಮಂದಿ ಎಂದೆ.

‘ಹನ್ನೆರಡು ಕೊಯ್ತಾ ಬಂದಾವ ನೋಡಪಾ.’

ಕೂಸುಗಳು ಎಷ್ಟಿವೆ ಎಂದು ಕೇಳಿದೆ. ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, ಅದನ್ನ ಯಾರು ಎಣಿಸ್ತಾರ ಎಂದರು. ಮರುದಿನ ಮುಂಜಾನೆ ಅವರೇ ಮತ್ತೆ ಫೋನು ಮಾಡಿ, ಒಂಬತ್ತು ಎಂದು ಹೇಳಿ ಇಟ್ಟರು.